ಶುಗರ್ ಟೆಸ್ಟ್ ಇಷ್ಟೊಂದು ಇವೆಯಲ್ಲ, ಯಾವುದು ಯಾರಿಗೆ?

ಯಾವುದೇ ಲ್ಯಾಬ್‌ನ ದರಪಟ್ಟಿ ನೋಡಿ. ಶುಗರ್ ಒಂದಕ್ಕೇ ಆರೇಳು ಟೆಸ್ಟ್ ಇರುತ್ತವೆ. ಎಫ್‌ಬಿಎಸ್, ಪಿಪಿಬಿಎಸ್, ಆರ್‌ಬಿಎಸ್, ಜಿಟಿಟಿ, ಎಚ್‌ಬಿಎ1ಸಿ, ಕೆಳಗೆಲ್ಲೋ ಸಿ-ಪೆಪ್ಟೈಡ್. ಯಾವುದು ಮಾಡಿಸಲಿ ಅಂತ ಕೌಂಟರ್‌ನಲ್ಲಿ ಕೇಳಿದರೆ "ಪ್ಯಾಕೇಜ್ ತಗೊಳ್ಳಿ, ಎಲ್ಲಾ ಬರುತ್ತೆ" ಅನ್ನುತ್ತಾರೆ. ದುಡ್ಡೂ ಹೋಗುತ್ತದೆ, ಎಂಟು ಹಾಳೆಯ ರಿಪೋರ್ಟೂ ಬರುತ್ತದೆ. ನಮಗೆ ಬೇಕಾದ ಉತ್ತರ ಮಾತ್ರ ಅದರಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ.

ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಂತಿಲ್ಲ. ಒಂದೊಂದು ಟೆಸ್ಟೂ ದೇಹದ ಬೇರೆ ಬೇರೆ ಭಾಗವನ್ನು ವಿಚಾರಿಸುತ್ತದೆ. ಖಾಲಿ ಹೊಟ್ಟೆಯ ಟೆಸ್ಟ್ ಹೆಚ್ಚಾಗಿ ಲಿವರ್‌ನ ಕಥೆ ಹೇಳುತ್ತದೆ. ಊಟದ ನಂತರದ್ದು ಮೇದೋಜೀರಕ ಗ್ರಂಥಿ ಮತ್ತು ಸ್ನಾಯುಗಳ ಕಥೆ. ಮೂರು ತಿಂಗಳ ಟೆಸ್ಟ್, ಅಂದರೆ ಎಚ್‌ಬಿಎ1ಸಿಯಲ್ಲಿ ರಕ್ತದ ಕೆಂಪು ಕಣಗಳೇ ಸಾಕ್ಷಿ. ನಿಮ್ಮ ಪ್ರಶ್ನೆ ಯಾವುದು ಅಂತ ಗೊತ್ತಾದರೆ ಟೆಸ್ಟ್ ಆರಿಸುವುದು ಸುಲಭ. ಸಾಮಾನ್ಯವಾಗಿ ಪ್ರಶ್ನೆಗಳು ಮೂರೇ: ನನಗೆ ಶುಗರ್ ಇದೆಯಾ? ಇದ್ದರೆ ಹತೋಟಿಯಲ್ಲಿದೆಯಾ? ಅದು ಯಾವ ಬಗೆಯ ಶುಗರ್?

ಮೂರನೆಯದನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. ಅದಕ್ಕೇ ಬಗೆಗಳನ್ನು ಈಗಲೇ ಚುಟುಕಾಗಿ ಹೇಳಿಬಿಡುತ್ತೇನೆ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನು) ಮಾಡುವ ಬೀಟಾ ಕೋಶಗಳನ್ನೇ ಕೊಲ್ಲುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಲಿವರ್ ಮತ್ತು ಸ್ನಾಯು ಅದರ ಮಾತು ಸರಿಯಾಗಿ ಕೇಳುವುದಿಲ್ಲ. ವರ್ಷಗಟ್ಟಲೆ ಜಾಸ್ತಿ ದುಡಿದು ಕೊನೆಗೆ ಬೀಟಾ ಕೋಶಗಳೂ ಸೋಲುತ್ತವೆ. ಗರ್ಭಿಣಿಯರಲ್ಲಿ ಬರುವ ಶುಗರ್‌ಗೆ ಮಾಸು ಅಥವಾ ಪ್ಲಾಸೆಂಟಾ ಸುರಿಸುವ ಹಾರ್ಮೋನುಗಳು ಕಾರಣ. ಇವು ಮೂರನ್ನು ಬಿಟ್ಟು ಒಂದೇ ಜೀನ್‌ನ ದೋಷದಿಂದ ಬರುವುದು, ಮೇದೋಜೀರಕ ಗ್ರಂಥಿಯೇ ಹಾಳಾಗಿ ಬರುವುದು, ಸ್ಟೆರಾಯ್ಡ್ ಮಾತ್ರೆಯಿಂದ ಬರುವುದು, ಹೀಗೆ ಚಿಲ್ಲರೆ ಬಗೆಗಳು ಬೇಕಾದಷ್ಟಿವೆ. ಸಿಹಿ ತಿಂದಿದ್ದಕ್ಕೇ ಶುಗರ್ ಬಂತು ಅನ್ನುವ ಮಾತು ಟೈಪ್ 1ರ ಮಟ್ಟಿಗೆ ಪೂರ್ತಿ ಸುಳ್ಳು. ಟೈಪ್ 2ರಲ್ಲಿ ಸಿಹಿಗಿಂತ ದೊಡ್ಡ ಪಾಲು ಹೊಟ್ಟೆಯ ಬೊಜ್ಜು, ಕೂತಲ್ಲೇ ಕೂರುವ ಕೆಲಸ ಮತ್ತು ಮನೆತನದ್ದು.

ಸೂಜಿಗಿಂತ ಮೊದಲು ಟೇಪು

ಯಾವ ತೊಂದರೆಯೂ ಇಲ್ಲ, ಸುಮ್ನೆ ಒಂದು ಸಲ ನೋಡಿಸೋಣ ಅನ್ನುವವರು ಮೊದಲು ದರ್ಜಿಯ ಟೇಪು ಹಿಡಿಯಿರಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನವರು 2005ರಲ್ಲಿ ಭಾರತೀಯರಿಗೆಂದೇ ಒಂದು ಅಂಕಪಟ್ಟಿ ಮಾಡಿದರು. ನೂರಕ್ಕೆ ಲೆಕ್ಕ. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ದಾಟಿದ್ದರೆ 30. ಗಂಡಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದ್ದರೆ 10, 100 ಮುಟ್ಟಿದ್ದರೆ 20. ಹೆಂಗಸರಿಗೆ ಅದೇ ಲೆಕ್ಕ 80 ಮತ್ತು 90ಕ್ಕೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವೂ ಇಲ್ಲ, ಮೈ ಬಗ್ಗಿಸುವ ಕೆಲಸವೂ ಇಲ್ಲ ಅಂದರೆ 30. ಒಟ್ಟು 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯ ಹೆಚ್ಚು ಅಂತ ಅರ್ಥ.

52 ವರ್ಷದ ಅಂಗಡಿ ಯಜಮಾನರೊಬ್ಬರನ್ನು ಲೆಕ್ಕ ಹಾಕಿ ನೋಡಿ. ಸೊಂಟ 96, ಅಪ್ಪನಿಗೆ ಶುಗರ್ ಇತ್ತು, ಇಡೀ ದಿನ ಗಲ್ಲಾಪೆಟ್ಟಿಗೆ ಮುಂದೆ. 30, 10, 10, 30. ಎಂಬತ್ತು ಆಯಿತು! ಇಂಥವರು ಪ್ಯಾಕೇಜಿನ ಆಫರ್ ಬರಲಿ ಅಂತ ಕಾಯಬಾರದು, ಈ ವಾರವೇ ರಕ್ತ ಕೊಡಬೇಕು.

ತೂಕದ ಯಂತ್ರ ಬಿಟ್ಟು ಟೇಪು ಯಾಕೆ? ನಮ್ಮವರ ಮೈ ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಇದನ್ನು ತಮ್ಮ ಮೈಯಲ್ಲೇ ತೋರಿಸಿಕೊಟ್ಟರು. ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ನಿಂತು ಫೋಟೋ ತೆಗೆಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರಿಗೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. "ನಾನೇನು ದಪ್ಪ ಇಲ್ಲವಲ್ಲ" ಅಂತ ಟೆಸ್ಟ್ ಮುಂದೂಡುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಂಕ ಎಷ್ಟೇ ಬರಲಿ, ವಯಸ್ಸು 30 ದಾಟಿದ್ದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಪುಕ್ಕಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಬಾರ್ಡರ್‌ನಲ್ಲಿದ್ದಾರೆ. ಬಾರ್ಡರ್‌ನವರೇ ಜಾಸ್ತಿ, ಅವರಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ.

ಖಾಲಿ ಹೊಟ್ಟೆಯೋ, ಊಟದ ನಂತರವೋ, ಗ್ಲೂಕೋಸ್ ನೀರೋ?

ಖಾಲಿ ಹೊಟ್ಟೆಯ ಟೆಸ್ಟ್, ಅಂದರೆ ಎಫ್‌ಬಿಎಸ್, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು. ಕಾಫಿ ಬೇಡ, ಸಕ್ಕರೆ ಹಾಕದ ಕಾಫಿಯೂ ಬೇಡ. ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಒಳಗಿದ್ದರೆ ಸರಿ. 100ರಿಂದ 125 ಬಾರ್ಡರ್. 126 ಅಥವಾ ಮೇಲಿದ್ದರೆ ಶುಗರ್. ರಾತ್ರಿಯೆಲ್ಲ ಊಟ ಇಲ್ಲದಾಗ ರಕ್ತಕ್ಕೆ ಸಕ್ಕರೆ ಬಿಡುವುದು ಲಿವರ್. ಇನ್ಸುಲಿನ್ ಹಿಡಿತ ಸಡಿಲವಾದರೆ ಲಿವರ್ ಬೇಕಾಬಿಟ್ಟಿ ಬಿಡುತ್ತದೆ. "ರಾತ್ರಿ ಎರಡೇ ಚಪಾತಿ ತಿಂದಿದ್ದೆ, ಬೆಳಿಗ್ಗೆ 150 ಹೇಗೆ ಬಂತು" ಅನ್ನುವ ಗೋಳಿಗೆ ಉತ್ತರ ಇಲ್ಲಿದೆ. ಚಪಾತಿಯದ್ದಲ್ಲ ತಪ್ಪು.

ಈ ಟೆಸ್ಟ್‌ನ ದೋಷ ಏನೆಂದರೆ, ಊಟ ಆದ ಮೇಲೆ ಮಾತ್ರ ಏರುವ ಶುಗರ್ ಇದಕ್ಕೆ ಕಾಣುವುದೇ ಇಲ್ಲ. ನಿಲ್ಲಿಸಿದ ಗಾಡಿ ನೋಡಿ ಬ್ರೇಕ್ ಸರಿಯಿದೆ ಅಂತ ಹೇಳಲಾಗದು, ಇಳಿಜಾರಿನಲ್ಲಿ ಓಡಿಸಿಯೇ ನೋಡಬೇಕು. ಆ ಇಳಿಜಾರು ಅಂದರೆ ಗ್ಲೂಕೋಸ್ ನೀರಿನ ಟೆಸ್ಟ್, ಪಟ್ಟಿಯಲ್ಲಿರುವ ಜಿಟಿಟಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕುಡಿಸಿ, 2 ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯುತ್ತಾರೆ. 140 ಒಳಗಿದ್ದರೆ ಸರಿ. 140ರಿಂದ 199 ಬಾರ್ಡರ್. 200 ಮುಟ್ಟಿದರೆ ಶುಗರ್. ಖಾಲಿ ಹೊಟ್ಟೆಯದು 98 ಇದ್ದು ಇದರಲ್ಲಿ 200 ದಾಟುವವರೂ ಇದ್ದಾರೆ.

ಒಂದು ಎಚ್ಚರಿಕೆ. ಈ ಟೆಸ್ಟ್ ಇದೆ ಅಂತ ಮೂರು ದಿನದಿಂದ ಅನ್ನ, ಮುದ್ದೆ ಬಿಟ್ಟು ಕೂರಬೇಡಿ. ಒಳ್ಳೆಯ ರಿಪೋರ್ಟ್ ಬರಲಿ ಅಂತ ಮಾಡಿದ್ದು ಉಲ್ಟಾ ಹೊಡೆಯುತ್ತದೆ. ಹಿಟ್ಟು, ಅನ್ನ ಬಿಟ್ಟ ದೇಹಕ್ಕೆ ದಿಢೀರನೆ 75 ಗ್ರಾಂ ಗ್ಲೂಕೋಸ್ ಬಂದರೆ ನಿಭಾಯಿಸಲು ಆಗದೆ ಅಂಕಿ ಸುಳ್ಳಾಗಿ ಏರಬಹುದು. ದಿನನಿತ್ಯ ಹೇಗೆ ತಿನ್ನುತ್ತೀರೋ ಹಾಗೇ ತಿನ್ನಿ.

ಇನ್ನು ಪಿಪಿಬಿಎಸ್, ಅಂದರೆ ಊಟದ ನಂತರದ ಟೆಸ್ಟ್. ಇದನ್ನು ಗ್ಲೂಕೋಸ್ ನೀರಿನ ಟೆಸ್ಟ್‌ಗೆ ಬದಲಿ ಅಂದುಕೊಳ್ಳುವವರೇ ಹೆಚ್ಚು. ಅದಲ್ಲ. ಒಬ್ಬರು ಲ್ಯಾಬ್ ಪಕ್ಕದ ದರ್ಶಿನಿಯಲ್ಲಿ ಎರಡು ಇಡ್ಲಿ ತಿಂದು ಬರುತ್ತಾರೆ, ಇನ್ನೊಬ್ಬರು ಮಸಾಲೆ ದೋಸೆ, ಕೇಸರಿಬಾತ್, ಕಾಫಿ ಮುಗಿಸಿ ಬರುತ್ತಾರೆ. ಈ ಇಬ್ಬರ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಅದಕ್ಕೇ ಶುಗರ್ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಪಿಪಿಬಿಎಸ್ ಬಳಸುವುದಿಲ್ಲ. ಈಗಾಗಲೇ ಶುಗರ್ ಇರುವವರ ಹತೋಟಿ ನೋಡಲು ಅದು ಒಳ್ಳೆಯ ಟೆಸ್ಟ್. ಅವರಲ್ಲಿ ಸಾಮಾನ್ಯ ಗುರಿ 180ರ ಒಳಗೆ. ಗಂಟೆ ಎಣಿಸುವುದು ಊಟದ ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ಊಟದ ಜೊತೆಗಿನ ಮಾತ್ರೆ, ಇನ್ಸುಲಿನ್ ಬಿಡಬಾರದು. ಬಿಟ್ಟರೆ ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಟೆಸ್ಟ್‌ಗೆ ಅರ್ಥವೇ ಇಲ್ಲ, ಅಲ್ವಾ? ಹಾಗಂತ ಖಾಲಿ ಹೊಟ್ಟೆಯ ರಕ್ತ ಕೊಡುವ ಮುಂಚೆ ಮಾತ್ರೆ ನುಂಗಿ ಹೋಗಬೇಡಿ. ರಕ್ತ ಕೊಟ್ಟು ತಿಂಡಿಯ ಜೊತೆ ತೆಗೆದುಕೊಳ್ಳಿ.

ಯಾವಾಗಲೋ ಒಂದು ಹೊತ್ತಿನಲ್ಲಿ ನೋಡುವ ಆರ್‌ಬಿಎಸ್‌ಗೆ ಒಂದೇ ಜಾಗ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇಂಥ ಲಕ್ಷಣ ಇದ್ದು 200 ದಾಟಿದರೆ ಅಷ್ಟರಿಂದಲೇ ಶುಗರ್ ಅಂತ ಹೇಳಬಹುದು. ಲಕ್ಷಣ ಇಲ್ಲದವರಿಗೆ ಒಂದು ಅಂಕಿ ಸಾಲದು. ಒಂದೇ ದಿನ ಎರಡು ಬಗೆಯ ಟೆಸ್ಟ್ ಎರಡೂ ಗಡಿ ದಾಟಿರಬೇಕು, ಇಲ್ಲವೇ ಇನ್ನೊಂದು ದಿನ ಅದೇ ಟೆಸ್ಟ್ ಮತ್ತೆ ಮಾಡಿಸಬೇಕು. ಒಂದೇ ರಿಪೋರ್ಟ್ ಹಿಡಿದು ಮೆಡಿಕಲ್ ಶಾಪ್‌ನಿಂದ ಮಾತ್ರೆ ಶುರು ಮಾಡುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ.

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಸೇವೆ ಈಗ ಎಲ್ಲೆಲ್ಲೂ ಇದೆ. ಆಗ ಟ್ಯೂಬ್‌ನ ಮುಚ್ಚಳ ನೋಡಿ. ಗ್ಲೂಕೋಸ್‌ಗೆ ಬೂದು ಮುಚ್ಚಳದ ಟ್ಯೂಬ್ ಬೇಕು, ಅದರಲ್ಲಿ ಫ್ಲೋರೈಡ್ ಇರುತ್ತದೆ. ಸಾದಾ ಟ್ಯೂಬ್‌ನಲ್ಲಿ ಇಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಸ್ಕೂಟರ್ ಡಬ್ಬಿಯಲ್ಲಿ ಮೂರು ಗಂಟೆ ಸುತ್ತಾಡಿದ ರಕ್ತ 130ನ್ನು 110 ಅಂತ ತೋರಿಸಿದರೆ ಆಶ್ಚರ್ಯ ಇಲ್ಲ. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ, ಅದಕ್ಕೆ ಈ ತಾಪತ್ರಯ ಇಲ್ಲ.

ಮೂರು ತಿಂಗಳ ಟೆಸ್ಟ್: ಎಷ್ಟು ನಂಬಬೇಕು?

ಜನ ಎಚ್‌ಬಿಎ1ಸಿಯನ್ನು ಮೂರು ತಿಂಗಳ ಟೆಸ್ಟ್ ಅಂತಲೇ ಕರೆಯುತ್ತಾರೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುತ್ತದೆ. ಕಣದ ಆಯಸ್ಸು ಸುಮಾರು 120 ದಿನ, ಅಲ್ಲಿಯವರೆಗೂ ಅಂಟು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಜಾಸ್ತಿ ಇರುವುದನ್ನು 1968ರಲ್ಲಿ ಟೆಹರಾನ್‌ನಲ್ಲಿ ಸ್ಯಾಮ್ಯುಯೆಲ್ ರಹಬಾರ್ ಗಮನಿಸಿದ್ದರು. ಕಾಯಿಲೆ ಇದೆ ಎಂದು ತೀರ್ಮಾನಿಸಲು ಅದನ್ನು ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2011ರಲ್ಲಿ.

ಶೇ 5.7 ಒಳಗೆ ಸರಿ, 5.7ರಿಂದ 6.4 ಬಾರ್ಡರ್, 6.5 ಅಥವಾ ಮೇಲೆ ಶುಗರ್. ರಕ್ತದ ಸಕ್ಕರೆಯ ಸರಾಸರಿಗೆ ತಿರುಗಿಸಿದರೆ 6 ಅಂದರೆ ಸುಮಾರು 126, 7 ಅಂದರೆ 154, 8 ಅಂದರೆ 183. ಉಪವಾಸ ಬೇಕಿಲ್ಲ, ಯಾವ ಹೊತ್ತಿಗಾದರೂ ಕೊಡಬಹುದು. ಟೆಸ್ಟ್‌ಗೆ ಎರಡು ದಿನ ಮುಂಚೆ ಪಥ್ಯ ಮಾಡಿ ಡಾಕ್ಟರ ಕಣ್ಣಿಗೆ ಮಣ್ಣೆರಚುವವರ ಆಟ ಇದರ ಮುಂದೆ ನಡೆಯುವುದಿಲ್ಲ. ಆದರೂ ಮೂರು ತಿಂಗಳಿಗೆ ಸಮನಾದ ಲೆಕ್ಕ ಅಲ್ಲ ಇದು. ಅಂಕಿಯ ಅರ್ಧದಷ್ಟು ಕಳೆದ ಒಂದು ತಿಂಗಳಿನದ್ದೇ.

ಇಷ್ಟೆಲ್ಲ ಒಳ್ಳೆಯದಿದ್ದರೂ ಕನ್ನಡನಾಡಿನ ಹೆಂಗಸರಿಗೆ ಇದೊಂದನ್ನೇ ಮಾಡಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಕಾರಣ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಕಬ್ಬಿಣದ ಅಂಶ ಕಡಿಮೆ ಇದ್ದಾಗ ಶುಗರ್ ಸರಿಯಿದ್ದರೂ ಎಚ್‌ಬಿಎ1ಸಿ ಮೇಲೆ ತೋರಿಸಬಹುದು. 5.5 ಇರಬೇಕಾದವರು 6ರ ಬಾರ್ಡರ್‌ಗೆ ಬಂದು ಸುಮ್ನೆ ಹೆದರಿಕೊಳ್ಳುತ್ತಾರೆ. ಆಮೇಲೆ ಕಬ್ಬಿಣದ ಮಾತ್ರೆ ಶುರುವಾಗಿ ಹೊಸ ಕಣಗಳು ಹುಟ್ಟಿದರೆ ಅಂಕಿ ತಾನೇ ಇಳಿಯುತ್ತದೆ. ಆಗ ಕುಡಿಯುತ್ತಿದ್ದ ಹಾಗಲಕಾಯಿ ರಸಕ್ಕೆ ಹೆಸರು ಬರುತ್ತದೆ!

ಉಲ್ಟಾ ಕೂಡ ಆಗುತ್ತದೆ. ಕೆಂಪು ಕಣಗಳು ಬೇಗ ಸಾಯುವ ಕಾಯಿಲೆಗಳಲ್ಲಿ ಸಕ್ಕರೆ ಅಂಟಲು ಸಮಯವೇ ಸಿಗದೆ ಅಂಕಿ ಸುಳ್ಳಾಗಿ ಕೆಳಗಿರುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಅಂಥದ್ದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು, ಹೆಚ್ಚು ರಕ್ತ ಹೋದವರು, ಡಯಾಲಿಸಿಸ್‌ನಲ್ಲಿ ಇರುವವರು, ಗರ್ಭಿಣಿಯರು ಕೂಡ ಈ ಗುಂಪಿನವರೇ. ಇವರೆಲ್ಲ ಖಾಲಿ ಹೊಟ್ಟೆಯ ಟೆಸ್ಟ್ ಇಲ್ಲವೇ ಗ್ಲೂಕೋಸ್ ನೀರಿನ ಟೆಸ್ಟ್ ಆರಿಸಬೇಕು. ಹತೋಟಿ ನೋಡುವುದಕ್ಕೆ ಫ್ರಕ್ಟೋಸಮೈನ್ ಅಂತ ಇನ್ನೊಂದಿದೆ. ಅದು ಹಿಮೋಗ್ಲೋಬಿನ್ ಬಿಟ್ಟು ರಕ್ತದ ಪ್ರೋಟೀನ್‌ಗೆ ಅಂಟಿದ ಸಕ್ಕರೆ ಅಳೆಯುತ್ತದೆ, ಎರಡು ಮೂರು ವಾರದ ಲೆಕ್ಕ ಕೊಡುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಮಾತ್ರ ಸಿಗುತ್ತದೆ.

ಹಾಗಾಗಿ ಮೊದಲ ಸಲ ಮಾಡಿಸುವ ಸಾಮಾನ್ಯ ಜನಕ್ಕೆ ನನ್ನ ಆಯ್ಕೆ ಇಷ್ಟೇ: ಖಾಲಿ ಹೊಟ್ಟೆಯದು, ಎಚ್‌ಬಿಎ1ಸಿ, ಜೊತೆಗೆ ಒಂದು ಹಿಮೋಗ್ಲೋಬಿನ್. ಮೂರೂ ಒಂದೇ ಸೂಜಿಗೆ ಆಗುತ್ತದೆ. ಮೊದಲ ಎರಡೂ ಸರಿ ಇದ್ದು, ಹಿಮೋಗ್ಲೋಬಿನ್ನೂ ಚೆನ್ನಾಗಿದ್ದರೆ ನಿಶ್ಚಿಂತೆ. ಒಂದು ಸರಿ, ಒಂದು ತಪ್ಪು ಬಂದರೆ ಆಗ ಗ್ಲೂಕೋಸ್ ನೀರಿನ ಟೆಸ್ಟ್‌ಗೆ ಹೋಗಿ.

ಸ್ಟೆರಾಯ್ಡ್ ಮಾತ್ರೆ ತಿನ್ನುವವರ ವಿಷಯ ಬೇರೆ. ಬೆಳಿಗ್ಗೆ ಪ್ರೆಡ್ನಿಸೊಲೋನ್ ತೆಗೆದುಕೊಂಡರೆ ಶುಗರ್ ಏರುವುದು ಮಧ್ಯಾಹ್ನ, ಸಂಜೆ. ಮಾರನೇ ಬೆಳಗಿನ ಹೊತ್ತಿಗೆ ಇಳಿದಿರುತ್ತದೆ. ಖಾಲಿ ಹೊಟ್ಟೆಯಲ್ಲಿ ನೋಡಿ ಎಲ್ಲ ಸರಿಯಿದೆ ಅಂದುಕೊಂಡರೆ ಮೋಸ ಹೋದಂತೆ. ಇವರು ಮಧ್ಯಾಹ್ನದ ಊಟದ ನಂತರ ನೋಡಿಸಬೇಕು.

ಗರ್ಭಿಣಿಯರಿಗೆ

ಇಲ್ಲಿ ಎರಡು ದಾರಿ. ಒಂದು, ಖಾಲಿ ಹೊಟ್ಟೆಯಲ್ಲಿ ಹೋಗಿ ಮೂರು ಸಲ ರಕ್ತ ಕೊಡುವುದು. ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ನೀರು ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153. ಇವುಗಳಲ್ಲಿ ಯಾವುದೇ ಒಂದನ್ನು ಮುಟ್ಟಿದರೂ ಶುಗರ್ ಅಂತ ಲೆಕ್ಕ. ಇನ್ನೊಂದು, ಚೆನ್ನೈನ ಡಾ. ವಿ. ಶೇಷಯ್ಯ ಮುಂದಾಳತ್ವದಲ್ಲಿ ಬಂದ ಡಿಪ್ಸಿ ವಿಧಾನ. ಊಟ ಆಗಿರಲಿ, ಬಿಡಲಿ, 75 ಗ್ರಾಂ ಗ್ಲೂಕೋಸ್ ಅನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕುಡಿಸಿ, 2 ಗಂಟೆಗೆ ಒಂದೇ ಸಲ ನೋಡುತ್ತಾರೆ. 140 ಮುಟ್ಟಿದರೆ ಶುಗರ್. ಕೇಂದ್ರ ಆರೋಗ್ಯ ಇಲಾಖೆ ಒಪ್ಪಿದ ವಿಧಾನ ಇದು. ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಮಾಡಬೇಕು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೇ ದಿನ ಮತ್ತೆ.

ಮೂರು ಸಲದ್ದು ಹೆಚ್ಚು ನಿಖರ ಅನ್ನುವ ವೈದ್ಯರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ ತುಂಬಿದ ಬಸುರಿ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಏನೂ ತಿನ್ನದೆ ತಾಲ್ಲೂಕು ಆಸ್ಪತ್ರೆಗೆ ಬಂದು ಸಾಲಿನಲ್ಲಿ ಕೂರಬೇಕು. ಎಷ್ಟೋ ಜನ ಬರುವುದೇ ಇಲ್ಲ. ಅವರ ಮಟ್ಟಿಗೆ ಡಿಪ್ಸಿಯೇ ಸರಿ. ನಗರದಲ್ಲಿ ಅನುಕೂಲ ಇದ್ದು, ಹಿಂದಿನ ಹೆರಿಗೆಯಲ್ಲಿ ಶುಗರ್ ಬಂದಿದ್ದವರು ಮೂರು ಸಲದ್ದನ್ನೇ ಕೇಳಿ ಮಾಡಿಸಬಹುದು.

ಈ ಶುಗರ್ ತಾಯಿಯಲ್ಲಿ ಮುಗಿಯುವುದಿಲ್ಲ ಅನ್ನುವುದಕ್ಕೆ ಮೈಸೂರಿನಲ್ಲೇ ಸುಳಿವು ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಕ್ಕೆ ದುಂಡಗೆ ಇದ್ದವರಲ್ಲಿ, ತಾಯಿಯ ತೂಕ ಜಾಸ್ತಿ ಇದ್ದವರಲ್ಲಿ ಶುಗರ್ ಹೆಚ್ಚು ಕಂಡಿತು. 1998ರಲ್ಲಿ ಪ್ರಕಟವಾದ ಅಧ್ಯಯನ ಅದು. ಬಸುರಿನಲ್ಲಿ ತಾಯಂದಿರ ಶುಗರ್ ಏರಿದ್ದಿರಬೇಕು ಅನ್ನುವುದು ಸಂಶೋಧಕರ ಊಹೆ.

ಹೆರಿಗೆಯಾದ ಮೇಲೆ ಶುಗರ್ ಮಾಯವಾಯಿತು ಅಂತ ಮರೆತುಬಿಡುವವರೇ ಹೆಚ್ಚು. 6 ವಾರಕ್ಕೆ ಗ್ಲೂಕೋಸ್ ನೀರಿನ ಟೆಸ್ಟ್ ಒಮ್ಮೆ ಆಗಲೇಬೇಕು. ಬಾಣಂತನದಲ್ಲಿ ಎಚ್‌ಬಿಎ1ಸಿ ಸಾಲದು, ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಮುಂದೆ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು.

ಮನೆಯ ಗ್ಲೂಕೋಮೀಟರೋ, ತೋಳಿನ ಸೆನ್ಸರೋ?

ಗ್ಲೂಕೋಮೀಟರ್ ಇರುವುದು ಹತೋಟಿ ನೋಡಲು. ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಒಪ್ಪುತ್ತದೆ. ಅಂದರೆ ನಿಜವಾಗಿ 126 ಇದ್ದವರಿಗೆ 107 ತೋರಿಸಿದರೂ ಯಂತ್ರ ಪಾಸು, 145 ತೋರಿಸಿದರೂ ಪಾಸು. ಶುಗರ್ ಇದೆಯಾ ಇಲ್ಲವಾ ಅನ್ನುವ ತೀರ್ಮಾನಕ್ಕೆ ಇದು ಸಾಲದು. ಮನೆ ಬಾಗಿಲಿನ ತಪಾಸಣೆಯಲ್ಲಿ ಜಾಸ್ತಿ ಬಂದರೆ ಲ್ಯಾಬ್‌ನಲ್ಲಿ ಖಚಿತ ಮಾಡಿಕೊಳ್ಳಿ. ಮಾವಿನ ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿಕೊಂಡು 280 ಬಂತು ಅಂತ ಗಾಬರಿಯಾಗುವುದು ಬೇಸಿಗೆಯಲ್ಲಿ ಮಾಮೂಲು. ಸೋಪು ಹಾಕಿ ಕೈ ತೊಳೆದು, ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ನಡುವೆ ಚುಚ್ಚಿದರೆ ನೋವು ಜಾಸ್ತಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಚುಚ್ಚಿಕೊಂಡು ಡೈರಿ ತುಂಬಿಸುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಮಧ್ಯಾಹ್ನದ ಊಟ ಏನು ಮಾಡಿತು ಅಂತ ಆ ಡೈರಿ ಎಂದೂ ಹೇಳುವುದಿಲ್ಲ. ಅದರ ಬದಲು ಒಂದು ದಿನ ತಿಂಡಿಗೆ ಮುಂಚೆ ಮತ್ತು ಎರಡು ಗಂಟೆ ನಂತರ, ಇನ್ನೊಂದು ದಿನ ಊಟಕ್ಕೆ ಹಾಗೇ ಜೋಡಿಯಾಗಿ ನೋಡಿ. ಮುದ್ದೆಗೆ ಎಷ್ಟು ಏರಿತು, ಅನ್ನಕ್ಕೆ ಎಷ್ಟು, ಜೋಳದ ರೊಟ್ಟಿಗೆ ಎಷ್ಟು ಅಂತ ನಿಮ್ಮ ಮೈಯೇ ಹೇಳುತ್ತದೆ. ರಾಗಿ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ಎಷ್ಟೋ ಜನರಲ್ಲಿ ಈ ಜೋಡಿ ಟೆಸ್ಟ್‌ಗೇ ಮುರಿದು ಬೀಳುತ್ತದೆ. ಬರೀ ಮೆಟ್‌ಫಾರ್ಮಿನ್ ಮೇಲೆ ಇರುವವರಿಗೆ ದಿನಾ ಚುಚ್ಚುವ ಅಗತ್ಯ ಇಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಮನೆಯಲ್ಲಿ ಮಾತ್ರ ಯಂತ್ರ ಇರಲೇಬೇಕು. ಇವು ಶುಗರನ್ನು 70ಕ್ಕಿಂತ ಕೆಳಗೆ ತಳ್ಳಬಲ್ಲವು. ಬೆವರು, ನಡುಕ, ತಲೆ ತಿರುಗು ಬಂದಾಗ ಅದು ಲೋ ಶುಗರಾ, ಬೇರೇನಾ ಅಂತ ಆ ಕ್ಷಣಕ್ಕೆ ಗೊತ್ತಾಗಬೇಕು.

ತೋಳಿಗೆ ಅಂಟಿಸುವ ಸೆನ್ಸರ್, ಅಂದರೆ ಸಿಜಿಎಂ, ಸುಮಾರು ಎರಡು ವಾರ ನಿಲ್ಲುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ಬೆರಳಿನ ಅಂಕಿಗಿಂತ 5ರಿಂದ 15 ನಿಮಿಷ ಹಿಂದಿರುತ್ತದೆ. ಅದರ ಮೇಲೆ ಮಗ್ಗುಲಾಗಿ ಮಲಗಿದರೆ ಸುಳ್ಳು ಲೋ ತೋರಿಸಿ ನಡುರಾತ್ರಿ ಎಬ್ಬಿಸುತ್ತದೆ. ಆದರೂ ಇದು ತೋರಿಸುವುದನ್ನು ಬೇರೆ ಯಾವುದೂ ತೋರಿಸದು. ಎಚ್‌ಬಿಎ1ಸಿ ಇಬ್ಬರಿಗೂ 7 ಇರಬಹುದು, ಒಬ್ಬರ ಶುಗರ್ ದಿನವಿಡೀ 150ರ ಆಸುಪಾಸು, ಇನ್ನೊಬ್ಬರದು 50ಕ್ಕೂ 300ಕ್ಕೂ ಜೀಕುತ್ತಿರಬಹುದು. ಟೈಪ್ 1ರ ಮಕ್ಕಳಿಗೆ, ದಿನಕ್ಕೆ ಮೂರು ನಾಲ್ಕು ಇನ್ಸುಲಿನ್ ಚುಚ್ಚುವವರಿಗೆ, ರಾತ್ರಿ ಲೋ ಆಗುವವರಿಗೆ ಕೊಡುವ ದುಡ್ಡು ಸಾರ್ಥಕ. ಶುಗರ್ ಇಲ್ಲದವರು ಇಡ್ಲಿ ತಿಂದಾಗ ಗೆರೆ ಎಷ್ಟು ಏರಿತು ಅಂತ ಫೋನಿನಲ್ಲಿ ನೋಡುತ್ತಾ ಕೂರುವುದು ಈಚಿನ ಶೋಕಿ. ಅವರಿಗೆ ಟೇಪೇ ಸಾಕು.

ಮೂತ್ರದ ಟೆಸ್ಟ್ ಈಗ ಈ ಸ್ಪರ್ಧೆಯಲ್ಲೇ ಇಲ್ಲ. ರಕ್ತದಲ್ಲಿ ಸುಮಾರು 180 ದಾಟಿದ ಮೇಲಷ್ಟೇ ಮೂತ್ರಕ್ಕೆ ಸಕ್ಕರೆ ಇಳಿಯುತ್ತದೆ. ಜೊತೆಗೆ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರಕ್ಕೆ ತಳ್ಳುವುದು, ಅದನ್ನು ತಿನ್ನುವವರ ರಿಪೋರ್ಟ್‌ನಲ್ಲಿ ಯಾವಾಗಲೂ ಪಾಸಿಟಿವ್. ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ನೋಡುವುದಕ್ಕೆ ಮಾತ್ರ ಇಂದಿಗೂ ಬೆಲೆ ಇದೆ.

ಯಾವ ಬಗೆ ಅಂತ ತಿಳಿಯಲು

ಮೇಲಿನ ಯಾವ ಟೆಸ್ಟೂ ಇದಕ್ಕೆ ಉತ್ತರ ಕೊಡುವುದಿಲ್ಲ. 300 ಅಂದರೆ ಟೈಪ್ 1ರಲ್ಲೂ 300, ಟೈಪ್ 2ರಲ್ಲೂ 300. ನಲವತ್ತೈದು ದಾಟಿ, ಹೊಟ್ಟೆ ಬಂದು, ಮನೆತನದಲ್ಲೂ ಶುಗರ್ ಇರುವವರಿಗೆ ಬೇರೆ ಟೆಸ್ಟ್ ಬೇಡ. ಅದು ಟೈಪ್ 2. ಹಾಗೇ ಮಗುವೊಂದು ಕೆಲವೇ ವಾರದಲ್ಲಿ ಸೊರಗಿ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿ, ನೀರು ನೀರು ಅನ್ನುತ್ತಿದ್ದರೆ ಟೆಸ್ಟ್ ಆರಿಸುತ್ತಾ ಕೂರಬಾರದು. ಹತ್ತಿರದ ಕ್ಲಿನಿಕ್‌ನಲ್ಲಿ ಆ ಗಂಟೆಯೇ ಗ್ಲೂಕೋಮೀಟರ್‌ನಲ್ಲಿ ನೋಡಿಸಿ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಜೊತೆಯಾದರೆ ಕೀಟೋನ್ ಏರಿದೆ ಅಂತ ಅನುಮಾನಿಸಬೇಕು. ಆಗ ಇನ್ಸುಲಿನ್ ಕೊಡಬಲ್ಲ ಆಸ್ಪತ್ರೆಗೇ ಹೋಗಬೇಕು.

ಗೊಂದಲ ಇರುವುದು ಇವೆರಡರ ನಡುವೆ. ಮೂವತ್ತರ ಆಸುಪಾಸಿನ ತೆಳ್ಳನೆಯ ವ್ಯಕ್ತಿ, ಮಾತ್ರೆ ಎಷ್ಟು ಹೆಚ್ಚಿಸಿದರೂ ಶುಗರ್ ಇಳಿಯುತ್ತಿಲ್ಲ. ಇಂಥವರಿಗೆ ಮೊದಲು ಗ್ಯಾಡ್ ಆ್ಯಂಟಿಬಾಡಿ ಅನ್ನುವ ರಕ್ತದ ಟೆಸ್ಟ್. ಪಾಸಿಟಿವ್ ಬಂದರೆ ದೇಹವೇ ಬೀಟಾ ಕೋಶಗಳ ಮೇಲೆ ಬಿದ್ದಿದೆ ಅಂತ ಅರ್ಥ, ಇನ್ಸುಲಿನ್ ದಾರಿಯೇ ಗತಿ. ನೆಗೆಟಿವ್ ಬಂತು ಅಂತ ಟೈಪ್ 1 ಅಲ್ಲವೇ ಅಲ್ಲ ಅನ್ನಲಾಗದು. ಆಗ ಸಿ-ಪೆಪ್ಟೈಡ್ ನೆರವಿಗೆ ಬರುತ್ತದೆ. ದೇಹ ಒಂದು ಇನ್ಸುಲಿನ್ ಮಾಡಿದಾಗ ಜೊತೆಗೆ ಒಂದು ಸಿ-ಪೆಪ್ಟೈಡ್ ಕಳಚಿ ಬೀಳುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರಲ್ಲೂ ಸ್ವಂತದ್ದು ಎಷ್ಟು ಉಳಿದಿದೆ ಅಂತ ಇದರಿಂದ ತಿಳಿಯುತ್ತದೆ. ಶುಗರ್ ತುಂಬಾ ಏರಿರುವ ಮೊದಲ ದಿನಗಳಲ್ಲಿ ಮಾತ್ರ ಮಾಡಿಸಬೇಡಿ. ಆಗ ಬೀಟಾ ಕೋಶಗಳು ಸುಸ್ತಾಗಿ ಟೈಪ್ 2ರಲ್ಲೂ ಕಡಿಮೆ ತೋರಿಸುತ್ತವೆ. ಹತೋಟಿಗೆ ಬಂದ ಮೇಲೆ ಮಾಡಿಸಿದರೆ ದುಡ್ಡು ದಂಡವಾಗದು.

ಎಳೆಯ ವಯಸ್ಸು, ತೆಳ್ಳನೆ ಮೈ, ಪದೇ ಪದೇ ಬೆನ್ನಿಗೆ ಹಬ್ಬುವ ಹೊಟ್ಟೆನೋವು, ಎಣ್ಣೆಯಂಥ ಮಲ, ಇವು ಕೂಡಿದ್ದರೆ ಆ್ಯಂಟಿಬಾಡಿಗಿಂತ ಮುಂಚೆ ಹೊಟ್ಟೆಯ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಿ. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಬರುವ ಶುಗರ್ ಇದು. ಪಕ್ಕದ ಕೇರಳದಲ್ಲಿ ಡಾ. ಗೀವರ್ಗೀಸ್ ಇಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿ ದಾಖಲಿಸಿದ್ದರು. ಇವರಿಗೆ ಶುಗರ್ ಮದ್ದಿನ ಜೊತೆ ಊಟ ಅರಗಿಸುವ ಕಿಣ್ವದ ಮಾತ್ರೆಯೂ ಬೇಕಾಗುತ್ತದೆ. ಅದು ಸಿಗದಿದ್ದರೆ ಮೈ ಹತ್ತುವುದಿಲ್ಲ.

ಎಲ್ಲಕ್ಕಿಂತ ದುಬಾರಿ ಜೀನ್ ಟೆಸ್ಟ್. ಅಜ್ಜ, ಅಪ್ಪ, ಮಗ ಮೂವರಿಗೂ ಇಪ್ಪತ್ತೈದರ ಒಳಗೆ ಶುಗರ್, ಯಾರೂ ದಪ್ಪ ಇಲ್ಲ, ಆ್ಯಂಟಿಬಾಡಿ ನೆಗೆಟಿವ್, ಸಿ-ಪೆಪ್ಟೈಡ್ ಚೆನ್ನಾಗಿದೆ ಅಂದರೆ ಮಾತ್ರ ಇದಕ್ಕೆ ಹೋಗಿ. ಮೋಡಿ (MODY) ಅಂತ ಕರೆಯುವ, ಒಂದೇ ಜೀನ್‌ನ ದೋಷದ ಬಗೆ ಸಿಗಬಹುದು. ಅದರಲ್ಲಿ ಎಚ್‌ಎನ್‌ಎಫ್1ಎ ಜೀನ್‌ನ ದೋಷ ಇದ್ದವರಲ್ಲಿ ವರ್ಷಗಟ್ಟಲೆ ಇನ್ಸುಲಿನ್ ಚುಚ್ಚುತ್ತಿದ್ದವರು ಕೂಡ ಸಣ್ಣ ಪ್ರಮಾಣದ ಸಲ್ಫೋನಿಲ್‌ಯೂರಿಯಾ (ಗ್ಲಿಮೆಪಿರೈಡ್ ಗುಂಪಿನ) ಮಾತ್ರೆಗೆ ಬದಲಾದದ್ದಿದೆ. ಗ್ಲೂಕೋಕೈನೇಸ್ ಜೀನ್‌ನ ದೋಷವಾದರೆ ಹುಟ್ಟಿನಿಂದಲೇ ಖಾಲಿ ಹೊಟ್ಟೆಯ ಶುಗರ್ 100ರಿಂದ 145ರ ನಡುವೆ ನಿಂತಿರುತ್ತದೆ, ಬಸುರಿನ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ಔಷಧವೇ ಬೇಕಿಲ್ಲ.